ಡಿಸ್‌ಮಿಸ್ ಕಾಗದ ಹಿಡಿದು ಊರಿಗೆ ಬಂದವರಿಗೆ

1950ರ ಸೇನಾ ಕಾಯ್ದೆಯ 23ನೇ ಸೆಕ್ಷನ್ ಬಗ್ಗೆ ಮಿಲಿಟರಿ ಮನೆತನಗಳಲ್ಲೂ ಹೆಚ್ಚು ಜನಕ್ಕೆ ಗೊತ್ತಿಲ್ಲ. ಜವಾನನೋ ಜೂನಿಯರ್ ಕಮಿಷನ್ಡ್ ಆಫೀಸರನೋ ಯಾವ ಕಾರಣಕ್ಕೇ ಸೇವೆಯಿಂದ ಹೊರಬರಲಿ, ಕಮಾಂಡಿಂಗ್ ಆಫೀಸರ್ ಅವನಿಗೊಂದು ಪ್ರಮಾಣಪತ್ರ ಕೊಡಬೇಕು ಎನ್ನುತ್ತದೆ ಅದು. ಯಾರ ಅಧಿಕಾರದಿಂದ ಸೇವೆ ಮುಗಿಯಿತು, ಯಾಕೆ ಮುಗಿಯಿತು, ಒಟ್ಟು ಎಷ್ಟು ಕಾಲದ ಸೇವೆ, ಈ ಮೂರೂ ಅದರಲ್ಲಿರಬೇಕು. ಇಂಗ್ಲಿಷ್ ಜೊತೆಗೆ ಆ ವ್ಯಕ್ತಿಯ ಮಾತೃಭಾಷೆಯಲ್ಲೂ ಇರಬೇಕು. ಬೈಂದೂರಿನವನಿಗೆ ಅದು ಕನ್ನಡದಲ್ಲಿ ಸಿಗಬೇಕಾದ ಕಾಗದ.

ನಮ್ಮ ಕಡೆ ಫೌಜಿ ನಿವೃತ್ತನಾಗಿ ಬಂದರೆ ರೈಲ್ವೆ ಸ್ಟೇಷನ್ನಿನಿಂದಲೇ ಮೆರವಣಿಗೆ, ಹಾರ, ಊರಿನ ಶಾಲೆಯಲ್ಲಿ ಸನ್ಮಾನ. ವಜಾ ಆಗಿ ಬಂದವನದು ಬೇರೆಯೇ ಕತೆ. ರಾತ್ರಿ ಬಸ್ಸಿಗೆ ಇಳಿದು ಮನೆ ಸೇರುತ್ತಾನೆ. ನಾಲ್ಕು ದಿನದಲ್ಲಿ ಪೇಟೆಯಲ್ಲಿ ಮಾತು: "ಡಿಸ್ಮಿಸ್ ಆಯಿ ಬಂದನಂಬ್ರ್." ಅವನು ಬೆಂಗಳೂರಿನ ಹೋಟೆಲಿಗೋ ಗಲ್ಫಿಗೋ ಹೊರಟುಹೋಗುತ್ತಾನೆ, ಕಾಗದ ಟ್ರಂಕಿನ ತಳ ಸೇರುತ್ತದೆ. ಪ್ರಕರಣ ಕೆಡುವುದು ಹೆಚ್ಚಾಗಿ ಇಲ್ಲೇ. ಕಾಯ್ದೆಯಲ್ಲಿ ದಾರಿ ಇಲ್ಲ ಎಂದಲ್ಲ, ದಾರಿಗೆ ಗಡುವು ಇದೆ, ಆ ಗಡುವನ್ನು ನಾಚಿಕೆ ತಿಂದುಹಾಕುತ್ತದೆ.

ಅಮೆರಿಕದ ಸೇನೆಯಲ್ಲಿ ಬಿಡುಗಡೆಗೆ ದರ್ಜೆಗಳಿವೆ. ಗೌರವಯುತ ಬಿಡುಗಡೆಯಿಂದ ಹಿಡಿದು ಅಗೌರವದ ಬಿಡುಗಡೆಯವರೆಗೆ ಐದು ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳಲ್ಲಿ ಹೊರಬಿದ್ದವರಲ್ಲಿ ಹಲವರು 15 ವರ್ಷದೊಳಗೆ ಪರಿಶೀಲನಾ ಮಂಡಳಿಗೆ ಒಂದು ಫಾರಂ ತುಂಬಿ ದರ್ಜೆ ಏರಿಸಿ ಎಂದು ಕೇಳಬಹುದು. ಯೂಟ್ಯೂಬಿನಲ್ಲಿ ಇದನ್ನು ನೋಡಿ ಇಲ್ಲೂ ಹಾಗೊಂದು ಫಾರಂ ಇರಬೇಕು ಎಂದುಕೊಳ್ಳುವವರಿದ್ದಾರೆ. ಇಲ್ಲ. ನಮ್ಮಲ್ಲಿ ಆಗುವುದು ಎರಡೇ: ಹೊರಹಾಕಿದ ಆದೇಶವೇ ರದ್ದಾಗುವುದು, ಇಲ್ಲವೇ ವಜಾ ಎಂಬುದು ಡಿಸ್ಚಾರ್ಜ್ ಆಗಿ ಬದಲಾಗುವುದು.

ಈ ವ್ಯತ್ಯಾಸ ಬರೀ ಮಾತಿನದಲ್ಲ. ವಜಾ ಆದವನಿಗೆ ಹಿಂದಿನ ಅಷ್ಟೂ ಸೇವೆಯ ಪಿಂಚಣಿ, ಗ್ರ್ಯಾಚುಟಿ ಹೋಗುತ್ತದೆ. ವಿಶೇಷ ಸಂದರ್ಭದಲ್ಲಿ ರಾಷ್ಟ್ರಪತಿಗಳ ವಿವೇಚನೆಯಿಂದ ಸಿಕ್ಕರೆ ಸಿಕ್ಕೀತು. ಡಿಸ್ಚಾರ್ಜ್ ಆದವನಿಗೆ ಆ ಹಕ್ಕು ಉಳಿಯುತ್ತದೆ. ಜವಾನನಿಗೆ ಪಿಂಚಣಿಗೆ ಬೇಕಾದ ಸೇವೆ 15 ವರ್ಷ. ಹದಿನಾರು ವರ್ಷ ದುಡಿದು ವಜಾ ಆದವನ ಕೈ ಬರಿದು, ಅದೇ ತಪ್ಪಿಗೆ ಅದೇ ದಿನ ಡಿಸ್ಚಾರ್ಜ್ ಆಗಿದ್ದರೆ ತಿಂಗಳು ತಿಂಗಳು ಹಣ. ದುರ್ನಡತೆಯ ಕಾರಣಕ್ಕೆ ಪಿಂಚಣಿಯಿಲ್ಲದೆ ಹೊರಬಿದ್ದವನು ಮಾಜಿ ಸೈನಿಕ ಎಂಬ ವ್ಯಾಖ್ಯೆಯೊಳಗೂ ಬರುವುದಿಲ್ಲ. ಗುರುತಿನ ಚೀಟಿ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ, ಇಸಿಎಚ್ಎಸ್ ಆಸ್ಪತ್ರೆ ಇಲ್ಲ, ಸರ್ಕಾರಿ ಕೆಲಸದ ಮೀಸಲಾತಿಯೂ ಇಲ್ಲ.

ಹಾಗಾಗಿ ಮೊದಲು ಟ್ರಂಕಿನಿಂದ ಕಾಗದ ತೆಗೆದು, ಯಾವ ಸೆಕ್ಷನ್ ಅಡಿ ಕಳಿಸಿದ್ದಾರೆ ಎಂದು ನೋಡಬೇಕು. ಸೆಕ್ಷನ್ 20 ಎಂದಿದ್ದರೆ ಸೇನಾ ಮುಖ್ಯಸ್ಥರು ಅಥವಾ ಅಧಿಕಾರವುಳ್ಳ ಬೇರೆ ಅಧಿಕಾರಿ ಆಡಳಿತಾತ್ಮಕವಾಗಿ ವಜಾ ಮಾಡಿದ್ದಾರೆ. ಸೆಕ್ಷನ್ 71 ಎಂದಿದ್ದರೆ ಕೋರ್ಟ್ ಮಾರ್ಷಲ್ ಶಿಕ್ಷೆ. ಆರ್ಮಿ ರೂಲ್ 13 ಎಂದಿದ್ದರೆ ಅದು ಡಿಸ್ಚಾರ್ಜ್, ಮೊದಲೆರಡರಷ್ಟು ಕೆಟ್ಟದ್ದಲ್ಲ. ನೌಕಾಪಡೆಯವರದು 1957ರ ನೇವಿ ಕಾಯ್ದೆ. ಅಲ್ಲಿ "ಅವಮಾನ ಸಹಿತ ವಜಾ" ಎಂಬ ಶಿಕ್ಷೆಯೇ ಬೇರೆ ಇದೆ. ವಾಯುಪಡೆಗೆ ತನ್ನದೇ ಕಾಯ್ದೆ.

ಪ್ರಮಾಣಪತ್ರವೇ ಸಿಕ್ಕಿಲ್ಲ ಅಥವಾ ಕಳೆದುಹೋಗಿದೆ ಎಂದಾದರೆ ತನ್ನ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಆರ್ಟಿಲರಿಯವರಿಗೆ ನಾಸಿಕ್, ಇಎಂಇಯವರಿಗೆ ಸಿಕಂದರಾಬಾದ್. ನಾವಿಕರಿಗೆ ಮುಂಬಯಿ ಮಾನ್‌ಖುರ್ದಿನ ಬ್ಯೂರೋ ಆಫ್ ಸೇಲರ್ಸ್, ಏರ್‌ಮನ್‌ಗಳಿಗೆ ದೆಹಲಿಯ ಸುಬ್ರೊತೊ ಪಾರ್ಕ್. ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕೇಳಬೇಕಾದ್ದು ವಜಾ ಆದೇಶ, ಚಾರ್ಜ್ ಶೀಟ್, ಸಮ್ಮರಿ ಆಫ್ ಎವಿಡೆನ್ಸ್, ಕೋರ್ಟ್ ಮಾರ್ಷಲ್ ನಡಾವಳಿಯ ಪೂರ್ಣ ಪ್ರತಿ, ಕಾಂಡಕ್ಟ್ ಶೀಟ್, ಕೊಟ್ಟಿದ್ದರೆ ಶೋಕಾಸ್ ನೋಟಿಸ್. ಕೋರ್ಟ್ ಮಾರ್ಷಲ್ ನಡಾವಳಿಯ ಪ್ರತಿ ಪಡೆಯುವ ಹಕ್ಕನ್ನು ಆರ್ಮಿ ರೂಲ್ 147 ಬೇರೆಯಾಗಿಯೇ ಕೊಟ್ಟಿದೆ. ಪಿಂಚಣಿಯಿಲ್ಲದವರ ಸೇವಾ ದಾಖಲೆ 25 ವರ್ಷ ಕಳೆದ ಮೇಲೆ ನಾಶಕ್ಕೆ ಹೋಗುತ್ತದೆ. ಇಪ್ಪತ್ತಾರನೇ ವರ್ಷ ಎಚ್ಚೆತ್ತರೆ ಎಷ್ಟು ಒಳ್ಳೆಯ ವಕೀಲನಿದ್ದರೂ ಹಿಡಿಯಲು ಕೊಂಬೆ ಇರುವುದಿಲ್ಲ.

ಜವಾನರು ವಜಾ ಆಗುವುದು ಹೆಚ್ಚಾಗಿ ಸಮ್ಮರಿ ಕೋರ್ಟ್ ಮಾರ್ಷಲಿನಲ್ಲಿ. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಕೂರುತ್ತಾರೆ, ಆದರೆ ತೀರ್ಪಿನಲ್ಲಿ ಅವರಿಗೆ ಪಾಲಿಲ್ಲ. ಒಂದು ಬೆಳಿಗ್ಗೆ ಶುರುವಾಗಿ ಊಟದ ಹೊತ್ತಿಗೆ ಹದಿನಾಲ್ಕು ವರ್ಷದ ಸೇವೆ ಮುಗಿದುಹೋಗಬಹುದು. ಆರೋಪ ಬಹುಪಾಲು ರಜೆ ಮೀರಿ ಮನೆಯಲ್ಲಿ ಉಳಿದದ್ದು. ತಂದೆಗೆ ಹುಷಾರಿಲ್ಲ, ತಂಗಿಯ ಮದುವೆ, ಜಾಗದ ತಕರಾರು, ಹೀಗೆ ಕಾರಣ ನೂರು. ಮೂವತ್ತು ದಿನ ದಾಟಿದರೆ ಸೆಕ್ಷನ್ 106ರಡಿ ಕೋರ್ಟ್ ಆಫ್ ಎನ್‌ಕ್ವೈರಿ ಕೂತು ಗೈರುಹಾಜರಿಯನ್ನು ದಾಖಲಿಸುತ್ತದೆ. ಅವನು ತಾನಾಗಿ ಹಾಜರಾಗದಿದ್ದರೆ, ಸಿಕ್ಕಿ ಬೀಳದಿದ್ದರೆ, ಆ ದಾಖಲೆಯ ಬಲದಲ್ಲಿ ಅವನನ್ನು ಪಲಾಯನ ಮಾಡಿದವನೆಂದು ಪರಿಗಣಿಸುತ್ತಾರೆ.

ಹಾಗಂತ ಕಮಾಂಡಿಂಗ್ ಆಫೀಸರ್ ಮಾಡಿದ್ದೆಲ್ಲ ಕೊನೆಯ ಮಾತಲ್ಲ ಎಂದು ತೋರಿಸಿದ್ದು 1987ರ ರಂಜಿತ್ ಠಾಕೂರ್ ಪ್ರಕರಣ. ಸಿಗ್ನಲ್ಸ್‌ನ ಈ ಜವಾನ ಮೇಲಧಿಕಾರಿಗಳ ವಿರುದ್ಧ ದೂರು ಬರೆದಿದ್ದ, ಅದಕ್ಕಾಗಿ 28 ದಿನದ ಸೆರೆಯಲ್ಲಿದ್ದ. 1985ರ ಮೇ 29ರಂದು ಊಟ ಮಾಡು ಎಂಬ ಆಜ್ಞೆಯನ್ನು ಪಾಲಿಸಲಿಲ್ಲ ಎಂಬುದು ಆರೋಪ. ಮರುದಿನವೇ ಸಮ್ಮರಿ ಕೋರ್ಟ್ ಮಾರ್ಷಲ್. ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಕಮಾಂಡಿಂಗ್ ಆಫೀಸರ್ ನ್ಯಾಯಾಧೀಶರು. ಒಂದು ವರ್ಷ ಕಠಿಣ ಸಜೆ, ವಜಾ, ಮುಂದೆ ಸರ್ಕಾರಿ ಕೆಲಸಕ್ಕೂ ಅನರ್ಹ. ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನಮ್ಮವರೇ, ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ವಿಚಾರಣೆಗೆ ಕೂರುವ ಅಧಿಕಾರಿಯ ಬಗ್ಗೆ ಆಕ್ಷೇಪ ಇದೆಯೇ ಎಂದು ಆರೋಪಿಯನ್ನು ಕೇಳಬೇಕೆಂಬ ಸೆಕ್ಷನ್ 130 ಪಾಲನೆಯಾಗಿಲ್ಲ, ಪಕ್ಷಪಾತದ ಶಂಕೆ ಸಹಜ, ಶಿಕ್ಷೆಯೂ ತಪ್ಪಿಗೆ ಏನೇನೂ ಸಮನಲ್ಲ ಎಂದು ಎಲ್ಲವನ್ನೂ ರದ್ದು ಮಾಡಿ, ಬಾಕಿ ಸಮೇತ ಕೆಲಸಕ್ಕೆ ಮರಳಿಸಿತು ಕೋರ್ಟ್.

1991ರ ನಾಯಕ್ ಸರ್ದಾರ್ ಸಿಂಗ್ ಪ್ರಕರಣ ಫೌಜಿ ರಜೆಯ ಮೇಲೆ ಊರಿಗೆ ಬರುವುದನ್ನು ಕಂಡ ಯಾರಿಗೂ ಅರ್ಥವಾದೀತು. ಮದುವೆಯೊಂದಕ್ಕೆ ಊರಿಗೆ ಹೊರಟವನ ಬಳಿ ಸೀಲು ಒಡೆಯದ 11 ರಮ್ ಬಾಟಲಿ, ಒಂದು ಬ್ರಾಂಡಿ. ಮೂರು ತಿಂಗಳ ಸಜೆ ಮತ್ತು ವಜಾ. ಇದು ಅತಿಯಾಯಿತು ಎಂದ ಸುಪ್ರೀಂ ಕೋರ್ಟ್, ಕಡಿಮೆ ಶಿಕ್ಷೆ ಕೊಡಿ ಎಂದು ವಾಪಸು ಕಳಿಸಿತು.

ಇನ್ನೊಂದು ಬಗೆ ಕೆಂಪು ಶಾಯಿಯದು. ಡಿಟೆನ್ಷನ್, ಸೆರೆಯಂಥ ಶಿಕ್ಷೆಗಳು ಕಾಂಡಕ್ಟ್ ಶೀಟಿನಲ್ಲಿ ಕೆಂಪಕ್ಷರದಲ್ಲಿ ಕೂರುತ್ತವೆ. ನಾಲ್ಕಾದರೆ "ಅನಪೇಕ್ಷಿತ" ಎಂದು ರೂಲ್ 13ರಡಿ ಮನೆಗೆ ಕಳಿಸುವ ರೂಢಿ. ನಾಲ್ಕು ತುಂಬಿತು, ಇನ್ನು ಮುಗಿಯಿತು ಎಂದು ಜವಾನರೇ ನಂಬಿಬಿಟ್ಟಿದ್ದಾರೆ. ಅದು ತಪ್ಪು. ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬರೀ ಎಣಿಕೆ ಸಾಲದು, ಸೇನಾ ಮುಖ್ಯಾಲಯದ 1988ರ ಡಿಸೆಂಬರ್ 28ರ ಸುತ್ತೋಲೆಯಂತೆ ಮೊದಲು ವಿಚಾರಣೆ ಆಗಬೇಕು, ಶೋಕಾಸ್ ಕೊಡಬೇಕು, ಎಷ್ಟು ವರ್ಷ ದುಡಿದ, ಎಂಥ ಕಷ್ಟದ ಜಾಗಗಳಲ್ಲಿದ್ದ ಎಂಬುದನ್ನು ತೂಗಿ ನೋಡಬೇಕು. ಹಿಂಬಾಕಿ ಸಂಬಳ ಕೊಡದಿದ್ದರೂ ಪಿಂಚಣಿಗೆ ಬೇಕಾದಷ್ಟು ಕಾಲ ಸೇವೆಯಲ್ಲಿದ್ದನೆಂದೇ ಲೆಕ್ಕ ಹಿಡಿಯಿತು. ಆದರೆ 2019ರ ಸತ್ಗುರ್ ಸಿಂಗ್ ಪ್ರಕರಣದಲ್ಲಿ, ಪದೇ ಪದೇ ಗೈರಾದವನ ಡಿಸ್ಚಾರ್ಜನ್ನು ಅದೇ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ದುಬೆ ತೀರ್ಪೊಂದನ್ನೇ ತೋರಿಸಿ ಗೆದ್ದೇ ಗೆಲ್ಲುತ್ತೇವೆ ಎನ್ನುವ ವಕೀಲರಿಂದ ಸ್ವಲ್ಪ ದೂರ ಇರುವುದು ಒಳ್ಳೆಯದು.

ಕಾಗದ ಕೈಗೆ ಬಂದ ಮೇಲೆ ನೇರ ಕೋರ್ಟಿಗೆ ಓಡುವ ಹಾಗಿಲ್ಲ. ಕೋರ್ಟ್ ಮಾರ್ಷಲ್ ಆಗಿದ್ದರೆ ಸೆಕ್ಷನ್ 164ರಡಿ ಸೇನಾ ಮುಖ್ಯಸ್ಥರಿಗೆ ಅಥವಾ ಕೇಂದ್ರ ಸರ್ಕಾರಕ್ಕೆ ಮನವಿ, ಆಡಳಿತಾತ್ಮಕ ಆದೇಶವಾಗಿದ್ದರೆ ಮೇಲಧಿಕಾರಿಗೆ ದೂರು. ಅಂಚೆಯ ರಸೀದಿ ಜೋಪಾನ, ಮುಂದೆ ದಿನ ಎಣಿಸುವುದು ಅದರಿಂದಲೇ. ಉತ್ತರ ಬಂದರೆ ಬಂದ ಆದೇಶದಿಂದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂದರೆ ಎಎಫ್‌ಟಿಗೆ ಅರ್ಜಿ ಹಾಕಬೇಕು. ಉತ್ತರವೇ ಇಲ್ಲದಿದ್ದರೆ ಆರು ತಿಂಗಳು ಕಾದು, ನಂತರದ ಆರು ತಿಂಗಳೊಳಗೆ. ಕೋರ್ಟ್ ಮಾರ್ಷಲ್ ವಿರುದ್ಧದ ಮೇಲ್ಮನವಿಗೆ ಗಡುವು ಬೇರೆಯೇ ಇದೆ, ಅದನ್ನು ಮೊದಲ ವಾರದಲ್ಲೇ ವಕೀಲರ ಬಳಿ ಖಚಿತ ಮಾಡಿಕೊಳ್ಳಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಕಾಯಿಲೆಯ ದಾಖಲೆ ಇದ್ದರೆ ಕೆಲಸಕ್ಕೆ ಬರುತ್ತದೆ, "ಗೊತ್ತಿರಲಿಲ್ಲ" ಎಂಬುದು ಬರುವುದಿಲ್ಲ. ಪಿಂಚಣಿ ಪ್ರತಿ ತಿಂಗಳ ಹಕ್ಕು, ಆದ್ದರಿಂದ ತಡವಾದರೂ ಕೇಳಬಹುದು, ಬಾಕಿ ಮಾತ್ರ ಹಿಂದಿನ ಮೂರು ವರ್ಷದ್ದು ಎಂದು 2008ರ ತರಸೇಮ್ ಸಿಂಗ್ ತೀರ್ಪಿನಲ್ಲಿದೆ. ವಜಾ ಆದೇಶಕ್ಕೆ ಆ ಮೃದುತ್ವ ಸಿಗುವುದಿಲ್ಲ. ಅದು ಒಂದೇ ದಿನ ನಡೆದ ಘಟನೆ.

ಎಎಫ್‌ಟಿ 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಶುರುವಾಯಿತು. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಕುಂದಾಪುರದಲ್ಲಿ ಹತ್ತಿದರೆ ನೇತ್ರಾವತಿ ಎಕ್ಸ್‌ಪ್ರೆಸ್ ಎರ್ನಾಕುಲಂಗೆ ಒಯ್ಯುತ್ತದೆ. ಬ್ರಹ್ಮಾವರದವರಿಗೆ ಉಡುಪಿಯೇ ಅನುಕೂಲ. ಪೀಠದಲ್ಲಿ ಒಬ್ಬರು ನ್ಯಾಯಾಂಗದವರು, ಒಬ್ಬರು ಹಿರಿಯ ಸೇನಾಧಿಕಾರಿಯಾಗಿದ್ದವರು. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ, ಆದರೆ ಹಾಗೆ ಮಾಡಿ ಎಂದು ನಾನು ಹೇಳಲಾರೆ. ಫೀಸು ಕೊಡಲಾಗದವರು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ಕುಂದಾಪುರದ ತಾಲೂಕು ಸಮಿತಿಯನ್ನೋ ಕೇಳಬೇಕು.

ಸಮ್ಮರಿ ಕೋರ್ಟ್ ಮಾರ್ಷಲಿನಲ್ಲಿ ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಸಜೆ ಆಗಿದ್ದರೆ ಮಾತ್ರ ಎಎಫ್‌ಟಿ ಕೈಗೆತ್ತಿಕೊಳ್ಳುತ್ತದೆ. ಕೋರ್ಟ್ ಮಾರ್ಷಲ್ ಮೇಲ್ಮನವಿಯಲ್ಲಿ ಶಿಕ್ಷೆ ಅತಿಯಾಗಿದೆ ಎನಿಸಿದರೆ ಅದನ್ನು ತಗ್ಗಿಸುವ, ಬೇರೆ ಚಿಕ್ಕ ಶಿಕ್ಷೆಯಾಗಿ ಬದಲಿಸುವ ಅಧಿಕಾರ ಎಎಫ್‌ಟಿ ಕಾಯ್ದೆಯ 15ನೇ ಸೆಕ್ಷನಿನಲ್ಲಿದೆ. ವಜಾ ಡಿಸ್ಚಾರ್ಜ್ ಆಗುವುದು ಈ ಬಾಗಿಲಿನಿಂದ. ಅಲ್ಲಿ ಸೋತರೆ ಸುಪ್ರೀಂ ಕೋರ್ಟಿನ ದಾರಿ ಇಕ್ಕಟ್ಟಿನದು. ಹೈಕೋರ್ಟಿನ ರಿಟ್ ಅಧಿಕಾರ ಉಳಿದಿದೆ ಎಂದು 2023ರ ಮಾರ್ಚಿನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸ್ಪಷ್ಟವಾಗಿರುವುದರಿಂದ ಈಗ ಅದೂ ಒಂದು ಆಸರೆ.

ಕೋಸ್ಟ್ ಗಾರ್ಡ್, ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೆ ಮಾತ್ರ ಎಎಫ್‌ಟಿ ಇಲ್ಲವೇ ಇಲ್ಲ. ನಮ್ಮ ಕರಾವಳಿಯ ಹುಡುಗರು ಇವಕ್ಕೂ ಸೇರುತ್ತಾರೆ, ಊರವರಿಗೆ ಎಲ್ಲವೂ "ಮಿಲಿಟ್ರಿ"ಯೇ. ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿ ಇವರು ಹೋಗಬೇಕಾದ್ದು ಹೈಕೋರ್ಟಿಗೆ. ಕೊಚ್ಚಿಗೆ ಹೋಗಿ ಅರ್ಜಿ ಹಾಕಿದರೆ ವ್ಯಾಪ್ತಿ ಇಲ್ಲವೆಂದು ವಾಪಸು ಬರುತ್ತದೆ.

ಸುಮ್ಮನೆ ಕುಡುಕ, ಹಟಮಾರಿ ಎಂದು ಕೆಂಪು ಶಾಯಿ ಹಾಕಿಸಿಕೊಂಡವನ ಹಿಂದೆ ಕೆಲವೊಮ್ಮೆ ಮಾನಸಿಕ ಕಾಯಿಲೆ ಇರುತ್ತದೆ. ಸೇವೆಯಲ್ಲಿದ್ದಾಗಲೇ ಮಿಲಿಟರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಸೇರಿಸಿದ್ದ ದಾಖಲೆ ಇದ್ದರೆ ಇಡೀ ಪ್ರಕರಣದ ಮುಖವೇ ಬೇರೆ. ಸೇರುವಾಗ ಆರೋಗ್ಯವಂತನೆಂದು ಬರೆದುಕೊಂಡಿದ್ದರೆ, ನಂತರ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಎಂಬ 2013ರ ಧರ್ಮವೀರ್ ಸಿಂಗ್ ತೀರ್ಪು ಆಗ ಅಂಗವೈಕಲ್ಯ ಪಿಂಚಣಿಯ ಮಾತಿಗೂ ದಾರಿ ಮಾಡಬಹುದು. ಮನೆಯವರು ಆ ಹಳೆಯ ಆಸ್ಪತ್ರೆ ಚೀಟಿಗಳನ್ನು ಎಸೆಯಬಾರದು.

ಆದೇಶ ಪರವಾಗಿ ಬಂದ ಮೇಲೂ ಕೆಲಸ ಉಳಿದಿರುತ್ತದೆ. ದೃಢೀಕೃತ ಪ್ರತಿಯನ್ನು ರೆಕಾರ್ಡ್ಸ್ ಆಫೀಸಿಗೆ ಕಳಿಸಬೇಕು, ಅಲ್ಲಿಂದ ಪ್ರಯಾಗರಾಜಿನ ಪಿಂಚಣಿ ಲೆಕ್ಕ ಕಚೇರಿ, ಆಮೇಲೆ ಸ್ಪರ್ಶ್ ಎಂಬ ಪಿಂಚಣಿ ಪೋರ್ಟಲಿನ ಖಾತೆ. ತಿಂಗಳುಗಟ್ಟಲೆ ಸದ್ದಿಲ್ಲದಿದ್ದರೆ ಅದೇ ಪೀಠದ ಮುಂದೆ ಜಾರಿ ಅರ್ಜಿ. ವಜಾ ಆದ ಮೇಲೆ ಮದುವೆಯಾದವನ ಹೆಂಡತಿ, ಮಕ್ಕಳ ಹೆಸರು ಸೇನೆಯ ದಾಖಲೆಯಲ್ಲಿ ಇರುವುದೇ ಇಲ್ಲ, ಯಾಕೆಂದರೆ ಅದು ಸೇರುವುದು ಯೂನಿಟ್ ಹೊರಡಿಸುವ ಪಾರ್ಟ್ ಟು ಆರ್ಡರಿನಿಂದ. ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ, ಅಫಿಡವಿಟ್ ಜೊತೆಗೆ ಅವರ ಹೆಸರು ಸೇರಿಸಿಕೊಳ್ಳಬೇಕು. ಆಧಾರಿನಲ್ಲಿ ತಂದೆಯ ಹೆಸರಿನ ಜೊತೆ ಪೂಜಾರಿ, ಖಾರ್ವಿ ಎಂದಿದ್ದು ಸೇನೆಯ ಕಡತದಲ್ಲಿ ಬರೀ ಇನಿಶಿಯಲ್ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಬೇಕು. ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಸಹಿ ಹಾಕಲು ಅವನು ಇರುವುದಿಲ್ಲ.