ತಣ್ಣನೆಯ ಉಕ್ಕು, ಬಿಸಿ ಮೊನೆ

ಬೆಳಿಗ್ಗೆ ಹತ್ತೂವರೆಗೆ ಚೆನ್ನೈನ ನೈನಿಯಪ್ಪ ನಾಯಕ್ಕನ್ ಬೀದಿಗೆ ಕಾಲಿಟ್ಟರೆ ಮೊದಲು ಬಂದು ತಾಗುವುದು ವಾಸನೆ. ಸ್ಪಿರಿಟ್ಟು, ಫಿನಾಯಿಲು, ಹೊಸ ರಟ್ಟಿನ ಡಬ್ಬಿ, ಇವುಗಳ ನಡುವೆ ಎಲ್ಲೋ ಇಳಿಯುತ್ತಿರುವ ಡಿಕಾಕ್ಷನ್ನಿನ ಘಮ. ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಬರಬಹುದಾದ ಪಾರ್ಕ್ ಟೌನಿನ ಈ ಬೀದಿಯಲ್ಲಿ ಔಷಧಿ, ಲ್ಯಾಬಿನ ಗಾಜಿನ ಸಾಮಾನು, ಆಸ್ಪತ್ರೆಯ ಉಪಕರಣಗಳ ಅಂಗಡಿಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ತಳ್ಳುಗಾಡಿಯವನು 'ಓರಂ, ಓರಂ' ಎನ್ನುತ್ತ ಬಂದಾಗ ಗೋಡೆಗೆ ಅಂಟಿಕೊಳ್ಳಬೇಕು. ಬನ್ನಿ, ಈ ಮೆಟ್ಟಿಲು ಹತ್ತೋಣ.

ಟಾನ್ಸಿಲ್ ಗಡ್ಡೆ ತೆಗೆಯುವ ಸೆಟ್ ನೋಡಬೇಕು ಎಂದಾಗ ಅಂಗಡಿಯ ಹಿರಿಯರು ನನ್ನ ಮುಖವನ್ನು ಒಮ್ಮೆ ನೋಡಿದರು. ಡಾಕ್ಟರಲ್ಲ ಎಂಬುದು ಅವರಿಗೆ ತಿಳಿದುಹೋಯಿತು. ಆದರೂ ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಒಂದೊಂದಾಗಿ ಜೋಡಿಸತೊಡಗಿದರು. ಮೊದಲು ಬಂದದ್ದು ಬಾಯ್ಲ್–ಡೇವಿಸ್ ಗ್ಯಾಗ್, ಕುದುರೆಯ ಕಡಿವಾಣದಂಥದ್ದು. ಮೇಲಿನ ಹಲ್ಲುಗಳಿಗೆ ಸಿಕ್ಕಿಸಿ, ನಾಲಿಗೆಯನ್ನು ಒಂದು ಅಲಗಿನಿಂದ ಒತ್ತಿ, ಬಾಯಿ ಮುಚ್ಚದ ಹಾಗೆ ಹಿಡಿದಿಡುತ್ತದೆ. ಅದನ್ನು ಎತ್ತಿ ನಿಲ್ಲಿಸಲು ಉದ್ದಕ್ಕೂ ಬಳೆ ಬಳೆಯಾಗಿ ಕಿಂಡಿಗಳಿರುವ ಎರಡು ಕಂಬಿಗಳು, ಡ್ರಾಫಿನ್ ಬೈಪಾಡ್. ಗಡ್ಡೆಯನ್ನು ಹಿಡಿಯಲು ಡೆನಿಸ್ ಬ್ರೌನ್ ಚಿಮಟ. ಬಿಡಿಸಲು ಮಾಲಿಸನ್, ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಬಾಗಿದ್ದು. ಕೊನೆಗೆ ಈವ್ ಸ್ನೇರ್, ಮೂತಿಯಲ್ಲಿ ತಂತಿಯ ಕುಣಿಕೆ. ಹಿಡಿ ಒತ್ತಿದರೆ ಕುಣಿಕೆ ಒಳಗೆ ಎಳೆದುಕೊಂಡು ಮಾಯ. ಅವರು ಒಂದು ಕಡ್ಡಿಯನ್ನು ಅದರೊಳಗೆ ತೂರಿಸಿ ಒತ್ತಿ ತೋರಿಸಿದರು. 'ಕಟಕ್' ಎಂದಿತು.

ಈ ಹೆಸರುಗಳೆಲ್ಲ ಬೇರೆ ದೇಶದಲ್ಲಿ ಬದುಕಿ ಸತ್ತ ಡಾಕ್ಟರುಗಳವು. ನಮ್ಮ ಮೆಡಿಕಲ್ ಹುಡುಗರು ಧಿಂಗ್ರಾ ಅವರ ಇ.ಎನ್.ಟಿ. ಪುಸ್ತಕ ಹಿಡಿದು ರಾತ್ರಿಯೆಲ್ಲ ಉರು ಹೊಡೆಯುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಟ್ರೇಯಿಂದ ಒಂದನ್ನು ಎತ್ತಿ ಹಿಡಿದರೆ ಬೆವರುತ್ತಾರೆ. ಬಾಯ್ಲ್ ಲಂಡನ್ನಿನಲ್ಲಿ ಅರಿವಳಿಕೆ ಕೊಡುತ್ತಿದ್ದವನು. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಇಂದಿಗೂ ಅರಿವಳಿಕೆಯ ಯಂತ್ರಕ್ಕೆ 'ಬಾಯ್ಲ್ಸ್' ಎನ್ನುವುದು ಅವನಿಂದಲೇ. 1835ರಲ್ಲಿ ಶುರುವಾದ ಮದ್ರಾಸ್ ಮೆಡಿಕಲ್ ಕಾಲೇಜು, 1664ರಲ್ಲಿ ಇಂಗ್ಲಿಷರ ಕೋಟೆಯೊಳಗೆ ಹುಟ್ಟಿದ ಜನರಲ್ ಆಸ್ಪತ್ರೆ, ಎರಡೂ ಇಲ್ಲೇ ಹತ್ತಿರದಲ್ಲಿವೆ. ಎಷ್ಟು ತಲೆಮಾರಿನ ಹುಡುಗರು ಈ ಕಟಕ್ ಸದ್ದು ಕೇಳಿ ಬೆಚ್ಚಿರಬೇಕು!

ಮರುದಿನ ಊರಿನ ದಕ್ಷಿಣ ದಿಕ್ಕಿನ ಒಂದು ಆಸ್ಪತ್ರೆ. ಎರವಲು ಚಪ್ಪಲಿ, ಹಸಿರು ಟೋಪಿ, ಮಾಸ್ಕು ಹಾಕಿಸಿ ನನ್ನನ್ನು ಥಿಯೇಟರಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. 'ಏನನ್ನೂ ಮುಟ್ಟಬೇಡಿ ಸಾರ್' ಎಂದು ಸಿಸ್ಟರ್ ಎರಡು ಸಲ ಹೇಳಿಯಾಗಿದೆ. ಹೊರಗೆ ಚೆನ್ನೈನ ಬೆವರು, ಒಳಗೆ ಮೂಳೆ ಕೊರೆಯುವ ಎ.ಸಿ. ಮೇಜಿನ ಮೇಲೆ ಏಳು ವರ್ಷದ ಹುಡುಗಿ. ಭುಜದ ಕೆಳಗೆ ಮರಳಿನ ಚೀಲ, ತಲೆ ಹಿಂದಕ್ಕೆ ವಾಲಿದೆ. ಸರ್ಜನ್ ತಲೆಯ ಕಡೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಹಣೆಯ ದೀಪದ ಬೆಳಕಿನಲ್ಲಿ ಅವರಿಗೆ ಆ ಗಂಟಲು ಕಾಣುವುದು ತಲೆಕೆಳಗಾಗಿ. ಕಿರುನಾಲಿಗೆಯ ಎರಡೂ ಪಕ್ಕ, ಮಾಂಸದ ಎರಡೆರಡು ಕಂಬಗಳ ನಡುವಿನ ಗೂಡಿನಲ್ಲಿ ಗಡ್ಡೆಗಳು ಊದಿಕೊಂಡು ಒಂದನ್ನೊಂದು ಮುಟ್ಟುವಂತಿವೆ. ಈ ಮಗು ರಾತ್ರಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ಕಟ್ಟಿ ಎದ್ದು ಕೂರುತ್ತಿತ್ತಂತೆ.

ಹಿರಿಯ ಸರ್ಜನ್ನರದು ತಣ್ಣನೆಯ ದಾರಿ, ಬರೀ ಉಕ್ಕು. ಮುಂದಿನ ಕಂಬದ ಅಂಚಿನಲ್ಲಿ ಸಣ್ಣ ಗೀರು. ಗಡ್ಡೆಯನ್ನು ಚಿಮಟದಲ್ಲಿ ಹಿಡಿದು ಒಳಮುಖ ಎಳೆದರು. ಗಡ್ಡೆಗೊಂದು ಪೊರೆಯಿದೆ, ಪೊರೆಗೂ ಹಿಂದಿನ ಸ್ನಾಯುವಿಗೂ ನಡುವೆ ಸಡಿಲವಾದ ಎಳೆಗಳ ಪದರ. ಆ ಪದರ ಸಿಕ್ಕಿತೋ, ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿಕೊಂಡು ಬರಬಹುದು. ಮಾಲಿಸನ್ನಿನ ಚಪ್ಪಟೆ ತುದಿ ಮೇಲಿಂದ ಕೆಳಗೆ ಸಾಗಿತು. ಕೊನೆಯ ಬುಡಕ್ಕೆ ಸ್ನೇರಿನ ಕುಣಿಕೆ, ಕಟಕ್. ತಂತಿ ಕತ್ತರಿಸುವ ಮೊದಲು ಜಜ್ಜುತ್ತದೆ. ಜಜ್ಜಿದ ರಕ್ತನಾಳ ಬಾಯಿ ಮುಚ್ಚಿಕೊಳ್ಳುತ್ತದೆ.

ಆಮೇಲೆ ನಡೆದದ್ದು ಏನೂ ಇಲ್ಲ. ಗಾಜ್ ಬಟ್ಟೆಯ ಉಂಡೆಯನ್ನು ಆ ಖಾಲಿ ಗೂಡಿಗೆ ಒತ್ತಿ ಸರ್ಜನ್ ಸುಮ್ಮನೆ ಕೂತರು. ಮಾನಿಟರಿನ 'ಟಿಕ್ ಟಿಕ್', ಸಕ್ಷನ್ನಿನ ಗೊರಗೊರ, ಗೋಡೆ ಗಡಿಯಾರ. ತಾಳ್ಮೆ ಮೊದಲು ತಪ್ಪಿದ್ದು ನನಗೇ. ಬಟ್ಟೆ ತೆಗೆದಾಗ ಒಂದು ಕಡೆ ರಕ್ತ ಇನ್ನೂ ಒಸರುತ್ತಿತ್ತು; ಅಲ್ಲಿಗೊಂದು ಉದ್ದ ಚಿಮಟ ಹಾಕಿ, ರೇಷ್ಮೆ ನೂಲಿನ ಗಂಟನ್ನು ಬೆರಳ ತುದಿಯಲ್ಲಿ ಆಳಕ್ಕೆ ಜಾರಿಸಿ ಬಿಗಿದರು. ಸಿಸ್ಟರ್ ಬಟ್ಟೆಯ ತುಂಡುಗಳನ್ನು ಗಟ್ಟಿಯಾಗಿ ಎಣಿಸಿದರು. ಇಷ್ಟು ಲೆಕ್ಕಾಚಾರ ಏಕೆಂದರೆ, ಇಪ್ಪತ್ತು ಕೆ.ಜಿ. ತೂಗುವ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು ಒಂದೂವರೆ ಲೀಟರು. ದೊಡ್ಡವರಿಗೆ ಲೆಕ್ಕಕ್ಕಿಲ್ಲದ ಒಂದು ಲೋಟ ಇಲ್ಲಿ ಬಹಳ ದೊಡ್ಡದು.

ಮೂರನೆಯ ಕೇಸು ಕಿರಿಯ ಡಾಕ್ಟರದು. ಟ್ರೇಯಲ್ಲಿ ಗ್ಯಾಗ್ ಅದೇ, ಕಂಬಿಗಳು ಅವೇ. ಕತ್ತಿಯ ಜಾಗದಲ್ಲಿ ಪೆನ್ನಿನಂಥ ಬಾಗಿದ ಕೋಲು, ಅದಕ್ಕೆ ವೈರು ಮತ್ತು ಉಪ್ಪುನೀರಿನ ಕೊಳವೆ. ಇದು ಕೋಬ್ಲೇಷನ್. ಕಾಲ ಕೆಳಗೆ ಎರಡು ಪೆಡಲು, ಹಳದಿ ಒತ್ತಿದರೆ ಕರಗಿಸುತ್ತದೆ, ನೀಲಿ ಒತ್ತಿದರೆ ರಕ್ತ ಹೆಪ್ಪುಗಟ್ಟಿಸುತ್ತದೆ. ವಿದ್ಯುತ್ತು ಉಪ್ಪುನೀರನ್ನು ಪ್ಲಾಸ್ಮಾ ಮಾಡಿ, ಆ ಪ್ಲಾಸ್ಮಾ ಮಾಂಸದ ಎಳೆಗಳನ್ನು ಬಿಡಿಸುತ್ತದೆ. ಶಾಖ 40ರಿಂದ 70 ಡಿಗ್ರಿ. ಕೆಲಸ ಮಾಡುವಾಗ 400 ಡಿಗ್ರಿಯನ್ನೂ ಮುಟ್ಟುವ, ವಿದ್ಯುತ್ತಿನಿಂದ ಸುಡುವ ಹಳೆಯ ಡಯಾಥರ್ಮಿಯ ಮುಂದೆ ಇದು ಬೆಚ್ಚಗಿನ ನೀರೇ ಸರಿ. ಡಯಾಥರ್ಮಿ ಹಚ್ಚಿದರೆ ಥಿಯೇಟರಿಡೀ ಕೂದಲು ಸುಟ್ಟ ವಾಸನೆ ಇರುತ್ತದೆ. ಇಲ್ಲಿ ಅದಿಲ್ಲ, ಸಣ್ಣ ಗುಂಯ್‌ಗುಡುವಿಕೆ, ನೀರಿನ ಗುಳ್ಳೆ. ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ ಹುಡುಕಬೇಕು. ಮೊದಲು ನೋಡಿದ್ದಕ್ಕೂ ಇದಕ್ಕೂ ಹೋಲಿಸಿದರೆ, ನನ್ನಂಥ ದಾರಿಹೋಕ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತಾನೆ.

ಆದರೆ ಕಣ್ಣು ಮುಚ್ಚಬಾರದು. 2003–04ರಲ್ಲಿ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಆಸ್ಪತ್ರೆಗಳು ಸುಮಾರು 34,000 ಟಾನ್ಸಿಲ್ ಆಪರೇಷನ್ನುಗಳ ಲೆಕ್ಕ ಬರೆದಿಟ್ಟವು. ಒಟ್ಟಾರೆ ನೂರಕ್ಕೆ ಮೂರೂವರೆ ಮಂದಿಗೆ ಆಮೇಲೆ ರಕ್ತ ಸೋರಿತ್ತು. ಬಿಸಿ ಮುಟ್ಟದೆ ಉಕ್ಕಿನಲ್ಲೇ ಮುಗಿಸಿದವರಿಗಿಂತ ಡಯಾಥರ್ಮಿ, ಕೋಬ್ಲೇಷನ್ ಬಳಸಿದವರಲ್ಲಿ ಅಪಾಯ ಸುಮಾರು ಮೂರು ಪಟ್ಟು. ಮೇಜಿನ ಮೇಲೆ ಕಾಣದ ರಕ್ತ ಐದರಿಂದ ಹತ್ತು ದಿನಗಳ ನಡುವೆ, ಗಾಯದ ಬಿಳಿ ಪೊರೆ ಕಳಚುವ ಹೊತ್ತಿಗೆ, ಮನೆಯಲ್ಲಿ ಕಾಣಿಸಿಕೊಂಡಿತ್ತು. ಆಗ ಕೋಬ್ಲೇಷನ್ ಹೊಸದು, ಕೈಗಳೂ ಹೊಸವು, ಈಗ ಪಳಗಿವೆ ಎಂಬುದು ಕಿರಿಯ ಡಾಕ್ಟರ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ನೋವು ಕಡಿಮೆ ಎಂಬ ಮಾತೂ ಇದೆ. ಅಧ್ಯಯನಗಳಲ್ಲಿ ಅದು ಮೊದಲ ದಿನ ಒಂದಿಷ್ಟು ಕಂಡು, ವಾರ ಕಳೆಯುವಷ್ಟರಲ್ಲಿ ಇಲ್ಲವಾಗುತ್ತದೆ. ಹಿರಿಯರು ಕೈ ತೊಳೆಯುತ್ತ ಹೇಳಿದ್ದು ಇಷ್ಟೇ: 'ಪೆಡಲಿನ ಮೇಲೆ ಕಾಲಿಡುವುದನ್ನು ಒಂದು ದಿನದಲ್ಲಿ ಕಲಿಸಬಹುದು. ಕಾಲು ಎತ್ತುವುದನ್ನು ಕಲಿಸಲು ವರ್ಷಗಳು ಬೇಕು.' ನನಗೆ ಇದು ಅಂಕಿಗಿಂತ ಹೆಚ್ಚು ಅರ್ಥವಾಯಿತು.

ಹಿಂದೆ ಹೀಗೆ ಕೂತು ಕಾಯುವ ಪುರುಸೊತ್ತೂ ಇರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬೆರಳಿನಿಂದಲೇ ಸುತ್ತ ಬಿಡಿಸಿ ಕಿತ್ತುಹಾಕುವುದನ್ನು ಬರೆದಿಟ್ಟ. ಆಮೇಲೆ ಬಂತು ಗಿಲೊಟಿನ್, ಹೆಸರೇ ಹೇಳುವಂತೆ. 1910ರಲ್ಲಿ ಇಂಗ್ಲೆಂಡಿನ ವಿಲ್ಲಿಸ್ ಮತ್ತು ಪೈಬಸ್ ಅದನ್ನು ಸುಧಾರಿಸಿದರು. ಅರೆಬರೆ ಅರಿವಳಿಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ. ಆಗ ಗಂಟಲು ಕಂಡರೆ ಸಾಕು, ತೆಗೆಯುತ್ತಿದ್ದರು. 1934ರಲ್ಲಿ ನ್ಯೂಯಾರ್ಕಿನ 1,000 ಶಾಲಾಮಕ್ಕಳನ್ನು ನೋಡಿದರೆ 611 ಮಂದಿಯ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದವರಲ್ಲಿ ನೂರಕ್ಕೆ ನಲವತ್ತೈದು ಮಂದಿಗೆ ಡಾಕ್ಟರುಗಳು ಆಪರೇಷನ್ ಬೇಕೆಂದರು. ಬೇಡವೆಂದ ಮಕ್ಕಳನ್ನು ಬೇರೆ ಡಾಕ್ಟರುಗಳ ಮುಂದೆ ನಿಲ್ಲಿಸಿದರೆ ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಬೇಕಾಯಿತು! ಈಗ ವರ್ಷಕ್ಕೆ ಏಳು ಸಲವಾದರೂ ಗಂಟಲು ಕೆಟ್ಟಿರಬೇಕು, ಇಲ್ಲವೇ ನಿದ್ದೆಯಲ್ಲಿ ಉಸಿರು ಕಟ್ಟಬೇಕು ಎಂಬಂಥ ಲೆಕ್ಕವಿದೆ.

ಸಂಜೆ ವಾರ್ಡು. ಹುಡುಗಿಯ ಅಜ್ಜಿ ಕುಂದಾಪುರದ ಕಡೆಯವರು, ಮಗನ ಮನೆಗೆಂದು ಬಂದವರು. 'ಗಂಟ್ಲು ಕೊಯ್ದ್ ಮಗಿಗೆ ಐಸ್‌ಕ್ರೀಮಾ?' ಎಂದು ಸಿಸ್ಟರನ್ನು ದಿಟ್ಟಿಸಿದರು. ಸಿಸ್ಟರಿಗೆ ಕನ್ನಡ ಬಾರದು, ಕಪ್ಪನ್ನು ಮುಂದೆ ಹಿಡಿದರು. ತಣ್ಣಗಾದರೆ ನೋವು ಮಂಕಾಗುತ್ತದೆ, ನುಂಗಿದಷ್ಟೂ ಗಂಟಲು ಬಿಗಿಯದೆ ಸಡಿಲವಾಗುತ್ತದೆ. ಮುಂಚೆಯಾದರೆ ಇದೇ ಊರಿನ ಪೂನಮಲ್ಲಿ ಹೈರೋಡಿನಲ್ಲಿ ಉಡುಪಿ ಸೀಮೆಯ ಸೀತಾರಾಮ ರಾಯರ ದಾಸಪ್ರಕಾಶವಿತ್ತು, ಅದರ ಐಸ್‌ಕ್ರೀಮಿಗೆ ಊರೆಲ್ಲ ಹೆಸರಿತ್ತು ಎಂದೆ. ಅಜ್ಜಿಯ ಮುಖ ಸ್ವಲ್ಪ ಸಡಿಲಾಯಿತು. ಹುಡುಗಿ ಕಿವಿ ತೋರಿಸಿ ಅತ್ತಳು. ಗಂಟಲಿಗೂ ಕಿವಿಗೂ ಒಂದೇ ನರ ಹಂಚಿಹೋಗಿರುವುದರಿಂದ ನೋವು ಅಲ್ಲಿಗೂ ಹೋಗುತ್ತದೆ. ಮೂರು ಚಮಚ ತಿಂದು ಮಲಗಿದಳು.

ರಾತ್ರಿ ಹನ್ನೊಂದು. ದೀಪ ಆರಿಸಿದ್ದಾರೆ, ಹೊರಗೆ ಆಟೋಗಳ ಸದ್ದು ತೆಳುವಾಗಿದೆ. ನೈಟ್ ಡ್ಯೂಟಿಯ ಸಿಸ್ಟರ್ ಟಾರ್ಚು ಹಿಡಿದು ಬಂದು, ಹುಡುಗಿಯ ಮಂಚದ ಬಳಿ ನಿಂತರು. ಬಾಯಿ ತೆರೆಸಲಿಲ್ಲ. ಬೆಳಕನ್ನು ಕುತ್ತಿಗೆಯ ಮೇಲೆ ಬಿಟ್ಟು ಬರೀ ನೋಡಿದರು. ನಿದ್ದೆಯಲ್ಲಿರುವ ಮಗು ಮತ್ತೆ ಮತ್ತೆ ನುಂಗುತ್ತಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದು ಅರ್ಥ. ಅಜ್ಜಿ ಎದ್ದು ಕೂತು ಅವರ ಜೊತೆ ತಾವೂ ಕುತ್ತಿಗೆಯನ್ನೇ ನೋಡತೊಡಗಿದರು. ಒಂದು ಸಲ ಅಲುಗಿತು. ಬಹಳ ಹೊತ್ತು ಮತ್ತೆ ಅಲುಗಲಿಲ್ಲ. ಸಿಸ್ಟರ್ ಟಾರ್ಚು ಆರಿಸಿ, ಪಕ್ಕದ ಮಂಚಕ್ಕೆ ಹೋದರು.