ತೋರಿಕೆಯ ಲೋಕದಲ್ಲಿ ಮೊದಲ ಉದ್ಯೋಗ

ಕಳೆದ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಯುವಕನೊಬ್ಬನು ತಾಯಿಯೊಡನೆ ನಮ್ಮಲ್ಲಿಗೆ ಬಂದನು. ಧಾರಾವಾಹಿಯಲ್ಲಿ ಪಾತ್ರ ಕೊಡುವೆವೆಂದು ಇನ್‌ಸ್ಟಾಗ್ರಾಂನಲ್ಲಿ ನಂಬಿಸಿದವರು ‘ನೋಂದಣಿ ಶುಲ್ಕ’ ಪಡೆದು ಮರೆಯಾಗಿದ್ದರು. ಆ ಹಣಕ್ಕಾಗಿ ಅವನು ತಾಯಿಗೆ ತಿಳಿಯದಂತೆ ಅವರ ಬಳೆಯನ್ನು ಗಿರವಿ ಇಟ್ಟಿದ್ದನು. ಇಬ್ಬರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ಹಾಗೆಂದು ಮಾಧ್ಯಮವನ್ನೇ ಶಪಿಸುವುದು ವಿವೇಕವಲ್ಲ. ಪೋಪ್ ಹನ್ನೆರಡನೇ ಪಿಯುಸ್‌ರವರು 1958ರಲ್ಲಿ ಸಂತ ಕ್ಲಾರಾ ಅವರನ್ನು ದೂರದರ್ಶನ ಮಾಧ್ಯಮದ ಪಾಲಕ ಸಂತರೆಂದು ಸಾರಿದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳ ಕುರಿತೇ ಆಜ್ಞಾಪತ್ರವೊಂದನ್ನು ಹೊರಡಿಸಿತು.

ಆದರೆ ತೋರುವುದು ಬೇರೆ, ಇರುವುದು ಬೇರೆ. ಇದು ತತ್ತ್ವಶಾಸ್ತ್ರದ ಹಳೆಯ ಪಾಠ. ಅನುಯಾಯಿಗಳ ಸಂಖ್ಯೆ ತೋರಿಕೆ. ಅಭಿನಯದಲ್ಲಾಗಲಿ, ಸಂಕಲನದಲ್ಲಾಗಲಿ, ಧ್ವನಿಗ್ರಹಣದಲ್ಲಾಗಲಿ ಪಡೆದ ಪಳಗಿಕೆಯೇ ಇರುವಿಕೆ. ಚರ್ಚಿನ ನಾಟಕದಲ್ಲೋ ಕಿರುಚಿತ್ರದಲ್ಲೋ ತಾವು ನಿಜವಾಗಿ ಮಾಡಿದ ಕೆಲಸದ ತುಣುಕನ್ನು ಯುವಜನರು ಜಾಲತಾಣದಲ್ಲಿ ಇಡಲಿ. ಚಿತ್ರದ ಕೊನೆಯಲ್ಲಿ ಹೆಸರು ಕಾಣುವ ಸಹಾಯಕ ನಿರ್ದೇಶಕರಿಗೆ, ಸಂಕಲನಕಾರರಿಗೆ ವಿನಯದಿಂದ ಬರೆಯಲಿ. ಕೆಲಸ ಕೊಡುವವನು ಕೂಲಿ ಕೊಡಬೇಕೇ ಹೊರತು ಶುಲ್ಕ ಕೇಳಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹೆತ್ತವರೇ, ಗದರಿದರೆ ಮಕ್ಕಳು ಮುಚ್ಚಿಡುತ್ತಾರೆ. ಈ ತಾಯಿ ಗದರಲಿಲ್ಲ. ಮಗನು ಈಗ ಮದುವೆಯ ವಿಡಿಯೊಗಳ ಸಂಕಲನ ಕಲಿಯುತ್ತಿದ್ದಾನೆ. ಮೊದಲ ಸಂಬಳದಲ್ಲಿ ಬಳೆ ಬಿಡಿಸಿ ತರುವೆನೆಂದು ಮಾತು ಕೊಟ್ಟಿದ್ದಾನೆ.