ಚಾಲಕನಿಲ್ಲದ ವಿಮಾನ: ಕಾಣುವ ಕಣ್ಣು, ಅರಿಯುವ ಮನಸ್ಸು

ಮದುವೆ ಚಪ್ಪರದ ಮೇಲೆ ಗುಂಯ್‌ಗುಟ್ಟುತ್ತ ಚಿತ್ರ ತೆಗೆಯುವ ಡ್ರೋನ್ ಈಗ ನಮಗೆ ಹೊಸತಲ್ಲ. ಆದರೆ ಯುದ್ಧರಂಗದ ಮೇಲೆ ಹಗಲಿರುಳೂ ಕಣ್ಣಿಡುವ ಡ್ರೋನ್ ಆಟಿಕೆಯಂಥದಲ್ಲ. ಅದು ನಿಜವಾದ ವಿಮಾನವೇ. ಚಾಲಕನ ಆಸನವೊಂದು ಇಲ್ಲ ಅಷ್ಟೆ. ಈ ಬಗೆಯವುಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ 'ಪ್ರಿಡೇಟರ್'. 1994ರ ಜುಲೈಯಲ್ಲಿ ಮೊದಲು ಹಾರಿದ ಇದು ಮರುವರ್ಷವೇ ಬೋಸ್ನಿಯಾದ ಆಕಾಶ ಸೇರಿತು. 2018ರ ಮಾರ್ಚಿನಲ್ಲಿ ಅಲ್ಲಿನ ವಾಯುಪಡೆಯಿಂದ ನಿವೃತ್ತವಾಯಿತು. ಇದರ ರಚನೆಯನ್ನು ಅರಿತರೆ ಇಂದಿನ ಸೈನಿಕ ಡ್ರೋನ್‌ಗಳ ಗುಟ್ಟು ಬಹುಮಟ್ಟಿಗೆ ಅರಿತಂತೆಯೇ.

ಗ್ಯಾರೇಜಿನಲ್ಲಿ ಹುಟ್ಟಿದ್ದು

ಬಾಗ್ದಾದಿನಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದ ಅಬ್ರಹಾಂ ಕರೆಮ್ ಎಂಬ ಎಂಜಿನಿಯರರು 1970ರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸಿನ ತಮ್ಮ ಮನೆಯ ಗ್ಯಾರೇಜಿನಲ್ಲೇ 'ಆಲ್ಬಟ್ರಾಸ್' ಎಂಬ ಚಾಲಕರಹಿತ ವಿಮಾನ ಕಟ್ಟಿದರು. ಆಗಿನ ಇಂಥ ವಿಮಾನಗಳು ಕೆಲವು ಗಂಟೆ ಹಾರುವುದರೊಳಗೆ ಕೆಟ್ಟು ಬೀಳುವುದೇ ಹೆಚ್ಚು. ಬೀಳದೆ, ಬಹಳ ಹೊತ್ತು ಹಾರಬೇಕೆಂಬುದು ಕರೆಮರ ಹಟ. ಮುಂದೆ ಅವರ ಕಂಪೆನಿ ನಷ್ಟದಲ್ಲಿ ಮುಳುಗಿತು. ಆದರೆ ಆ ವಿನ್ಯಾಸ 'ಜನರಲ್ ಅಟಾಮಿಕ್ಸ್' ಕಂಪೆನಿಯ ಕೈಸೇರಿ ಪ್ರಿಡೇಟರ್ ಆಯಿತು.

ಮೈಕಟ್ಟು

ಇದರ ಉದ್ದ 8 ಮೀಟರಿಗೆ ತುಸು ಹೆಚ್ಚು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 15 ಮೀಟರ್. ಸಪೂರವಾದ ಈ ಉದ್ದ ರೆಕ್ಕೆಗಳೇ ಇದರ ಬಲ. ಕಡಿಮೆ ಶಕ್ತಿಯಲ್ಲಿ, ಹದ್ದಿನಂತೆ ತೇಲುತ್ತ ಇರಲು ಅವು ನೆರವಾಗುತ್ತವೆ. ಎಂಜಿನ್ನೂ ದೊಡ್ಡದಲ್ಲ, ನಾಲ್ಕು ಸಿಲಿಂಡರಿನದು, ಸುಮಾರು 115 ಅಶ್ವಶಕ್ತಿ. ಅದು ಹಿಂಬದಿಯಲ್ಲಿ ಕುಳಿತು ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮೂತಿ ಬರಿದಾಗಿ ಉಳಿದು ಉಪಕರಣಗಳಿಗೆ ಜಾಗವಾಗುತ್ತದೆ. ಹಣೆ ಊದಿಕೊಂಡಂತೆ ಕಾಣುವುದರ ಒಳಗೆ ಇರುವುದು ಉಪಗ್ರಹದೊಡನೆ ಮಾತನಾಡುವ ತಟ್ಟೆಯಾಕಾರದ ಆಂಟೆನಾ. ಅದರ ಕೆಳಗೆ ತಿರುಗುವ ಗೋಲದಲ್ಲಿ ಹಗಲಿನ ಕ್ಯಾಮರಾ, ಕತ್ತಲಲ್ಲಿ ಮೈಯ ಬಿಸಿಯನ್ನೇ ಚಿತ್ರವಾಗಿಸುವ ಅವಕೆಂಪು ಕ್ಯಾಮರಾ. ಮೋಡದಾಚೆಗೂ ನೋಡಬಲ್ಲ ರಾಡಾರನ್ನೂ ಒಯ್ಯಬಲ್ಲದು.

ವೇಗ ಗಂಟೆಗೆ ಸುಮಾರು 135 ಕಿಲೋಮೀಟರ್. ರೈಲಿಗಿಂತ ಬಹಳ ಮೇಲಲ್ಲ. ಕಾವಲಿಗೆ ಓಟ ಬೇಡ, ತಾಳ್ಮೆ ಬೇಕು. ಒಂದೇ ಊರ ಮೇಲೆ ಸುತ್ತುತ್ತ ಇದು 24 ಗಂಟೆ ಇರಬಲ್ಲದು. ಏರಬಲ್ಲ ಎತ್ತರ 7,600 ಮೀಟರ್. ಕುಂದುಗಳೂ ಇಲ್ಲದಿಲ್ಲ. ರೆಕ್ಕೆಗೆ ಹಿಮ ಹಿಡಿದರೆ ಅಪಾಯ; ಶತ್ರುವಿಮಾನ ಎದುರಾದರೆ ತಪ್ಪಿಸಿಕೊಳ್ಳುವ ವೇಗವಿಲ್ಲ. 2002ರ ಡಿಸೆಂಬರಿನಲ್ಲಿ ಇರಾಕಿನ ಮಿಗ್ ವಿಮಾನವೊಂದು ಇದನ್ನು ಹೊಡೆದುರುಳಿಸಿತು.

ಚಾಲಕ ಎಲ್ಲಿ?

ವಿಮಾನದಲ್ಲಿ ಚಾಲಕನಿಲ್ಲ, ಆದರೆ ನೆಲದಲ್ಲಿ ಇದ್ದಾನೆ. ಅಫ್ಘಾನಿಸ್ತಾನದ ಮೇಲೆ ಹಾರುವ ವಿಮಾನವನ್ನು ಅಮೆರಿಕದ ನೆವಾಡಾದ ಕೊಠಡಿಯಲ್ಲಿ ಕುಳಿತು ಒಬ್ಬ ನಡೆಸುತ್ತಿದ್ದ. ಪಕ್ಕದಲ್ಲಿ ಮತ್ತೊಬ್ಬ ಕ್ಯಾಮರಾ ತಿರುಗಿಸುತ್ತಿದ್ದ. ಸಂದೇಶ ಉಪಗ್ರಹದ ಮೂಲಕ ಹೋಗಿ ಬರಲು ಒಂದೆರಡು ಸೆಕೆಂಡು ಬೇಕು. ಹಾರುವಾಗ ಅದು ತೊಡಕಲ್ಲ, ಆದರೆ ಇಳಿಸುವಾಗ ಅಷ್ಟೇ ಸಾಕು ಅನಾಹುತಕ್ಕೆ. ಆದುದರಿಂದ ಏರಿಸಿ ಇಳಿಸುವ ಕೆಲಸಕ್ಕೆ ಯುದ್ಧಭೂಮಿಯ ಸಮೀಪವೇ ಬೇರೊಂದು ತಂಡ. ನೋಡುವುದಕ್ಕೆಂದೇ ಹುಟ್ಟಿದ ಈ ವಿಮಾನಕ್ಕೆ 2001ರಲ್ಲಿ ಕ್ಷಿಪಣಿಯನ್ನೂ ಕಟ್ಟಿದರು.

ಕಂಡದ್ದೇನು, ತಿಳಿದದ್ದೇನು?

ಇಷ್ಟೆಲ್ಲ ಕಣ್ಣಿದ್ದ ಯಂತ್ರ 2010ರ ಫೆಬ್ರವರಿ 21ರಂದು ಏನು ಕಂಡಿತು? ಅಫ್ಘಾನಿಸ್ತಾನದ ಉರುಜ್‌ಗಾನ್ ಪ್ರಾಂತದಲ್ಲಿ ನಸುಕಿನಲ್ಲಿ ಮೂರು ವಾಹನಗಳು ಸಾಗುತ್ತಿದ್ದವು. ಪ್ರಿಡೇಟರ್ ಗಂಟೆಗಟ್ಟಲೆ ಹಿಂಬಾಲಿಸಿ ನೋಡಿತು. ನೆವಾಡಾದ ತಂಡ ಅವರನ್ನು ದಾಳಿಕೋರರೆಂದೇ ಬಗೆಯಿತು. ಆ ವರದಿಯನ್ನು ನಂಬಿ ಹೆಲಿಕಾಪ್ಟರುಗಳು ದಾಳಿ ನಡೆಸಿದವು. ವಾಹನಗಳಲ್ಲಿದ್ದವರು ಊರ ಸಾಮಾನ್ಯ ಜನ. ಹೆಂಗಸರೂ ಮಕ್ಕಳೂ ಇದ್ದರು. 23ರಷ್ಟು ಮಂದಿ ಸತ್ತಿರಬಹುದೆಂದು ಅಮೆರಿಕದ ಸೇನೆಯೇ ನಡೆಸಿದ ತನಿಖೆ ಹೇಳಿತು. ಅವರು ದಾಳಿಕೋರರಲ್ಲವೆಂಬ ಸುಳಿವುಗಳನ್ನು ಡ್ರೋನ್ ತಂಡ ಕಡೆಗಣಿಸಿತೆಂದೂ ಅದು ದೂರಿತು. ಕ್ಯಾಮರಾ ಕೆಟ್ಟಿರಲಿಲ್ಲ. ನೋಡಿದವರು ತಾವು ನೆನೆಸಿದ್ದನ್ನೇ ಕಂಡರು.

ನಮ್ಮ ದೇಶಕ್ಕೂ ಈ ವಿಷಯ ದೂರದ್ದಲ್ಲ. ಪ್ರಿಡೇಟರನ್ನು ಮಾಡಿದ ಕಂಪೆನಿಯಿಂದಲೇ ಅದರ ಮುಂದಿನ ತಲೆಮಾರಿನ 31 ಡ್ರೋನ್‌ಗಳನ್ನು ಕೊಳ್ಳಲು ಭಾರತ 2024ರ ಅಕ್ಟೋಬರಿನಲ್ಲಿ ಸಹಿ ಹಾಕಿತು. ನಮ್ಮವರೇ ಕಟ್ಟಿದ 'ರುಸ್ತುಂ-2' ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ಕೇಂದ್ರದಿಂದ 2016ರಲ್ಲಿ ಮೊದಲು ಹಾರಿತು. 2019ರಲ್ಲಿ ಅದರಲ್ಲೊಂದು ಅಲ್ಲಿನ ಹೊಲದಲ್ಲಿ ಬಿದ್ದಾಗ ಜನ ನೆರೆದು ಬೆರಗಿನಿಂದ ನೋಡಿದ್ದರು.

ಗಡಿಯನ್ನೂ ಕಡಲನ್ನೂ ಕಾಯಲು ಇಂಥ ಕಣ್ಣು ಬೇಕು, ನಾವು ಬೇಡವೆನ್ನುವುದಿಲ್ಲ. ಆದರೆ ಪರದೆಯ ಮುಂದೆ ಕೂರುವವನಿಗೆ ಯಂತ್ರದ ತರಬೇತಿಯ ಜತೆಗೆ ನಮ್ಮ ಹಿರಿಯರ ಮಾತೊಂದನ್ನೂ ಕಲಿಸಬೇಕು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.